ಸೋಂಕಿನ ಕಾಲದಲ್ಲಿ ಮಣ್ಣು ಕೊಡುವುದು



ಕಳೆದ ತಿಂಗಳು ಮಠದಲ್ಲಿ ಅನುಭಾವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ಒಬ್ಬ ಯುವಕ ಕೇಳಿದ: "ಸಾಹೇಬ್ರ, ಶರಣರು ಮರಣಸೂತಕ ಇಲ್ಲ ಅಂದಾರ. ಹಂಗಿದ್ರ ಕೋವಿಡ್ ಬಂದಾಗ ನಾವು ಹೆಣಾ ಮುಟ್ಟಾಕ ಯಾಕ ಅಂಜಿದ್ವಿ? ಅದೂ ಸೂತಕಾನ ಅಲ್ಲೇನ್ರಿ?" ಪಂಕ್ತಿಯಲ್ಲಿದ್ದ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗ ಕೇಳಿದ್ದು ತಮಾಷೆಯ ಪ್ರಶ್ನೆಯಲ್ಲ.

ಚಿಕ್ಕ ಉತ್ತರ ಅಲ್ಲಿಯೇ ಕೊಟ್ಟೆ. ಸೂತಕವನ್ನು ಯಾರೂ ಅಳೆದವರಿಲ್ಲ. ಅದು ಜಾತಿ ನೋಡಿ ದಿನ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ವೈರಾಣು ಪ್ರಯೋಗಾಲಯದಲ್ಲಿ ಕಾಣುತ್ತದೆ, ಸಾಬೂನಿಗೂ ಬ್ಲೀಚಿಂಗ್ ಪೌಡರ್ ಕಲಸಿದ ನೀರಿಗೂ ಸಾಯುತ್ತದೆ, ಯಾರ ಜಾತಿಯನ್ನೂ ಕೇಳುವುದಿಲ್ಲ. ಒಂದು ಭ್ರಮೆ, ಇನ್ನೊಂದು ವಸ್ತು. ಸೂತಕವಿಲ್ಲ ಎಂದು ಸೋಂಕನ್ನು ಅಲ್ಲಗಳೆಯುವುದು ಮೌಢ್ಯ. ಸೋಂಕಿದೆ ಎಂದು ಸತ್ತವರನ್ನು ಕಸದಂತೆ ಕಾಣುವುದು ಸೂತಕವನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತೆ. ಹುಡುಗ ತಲೆಯಾಡಿಸಿದ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನೆನಪಾದದ್ದು ಪಶ್ಚಿಮ ಆಫ್ರಿಕಾದ ಎಬೋಲಾ. ಹರಡುತ್ತಿರುವ ಸೋಂಕೊಂದನ್ನು ಒಂದು ದೇಶ ಹೇಗೆ ಎದುರಿಸಬೇಕು, ಹೇಗೆ ಎದುರಿಸಬಾರದು ಎಂಬುದೆಲ್ಲ ಅಲ್ಲಿ ಸತ್ತವರನ್ನು ಮಣ್ಣು ಮಾಡುವ ಪ್ರಶ್ನೆಗೇ ಬಂದು ನಿಂತಿತ್ತು. ನಾವೂ ಮಣ್ಣು ಮಾಡುವ ಜನ. ಅದಕ್ಕೇ ಈ ಸಲದ ಪುಟಗಳನ್ನು ಅದಕ್ಕೆ ಕೊಡುತ್ತಿದ್ದೇನೆ.

2013ರ ಡಿಸೆಂಬರಿನಲ್ಲಿ ಗಿನಿ ದೇಶದ ಕಾಡುಸೀಮೆಯ ಮೆಲಿಯಾಂಡೂ ಎಂಬ ಸಣ್ಣ ಹಳ್ಳಿಯಲ್ಲಿ ಒಂದು ಎಳೆಯ ಮಗು ಜ್ವರ ಬಂದು ತೀರಿಕೊಂಡಿತು. ಬೆನ್ನಿಗೇ ಅದರ ಅಕ್ಕ, ತಾಯಿ, ಅಜ್ಜಿ. ಬಾವಲಿಗಳಿಂದ ಬಂದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಎಬೋಲಾ ವೈರಾಣು ಮೊದಲು ಗುರುತಾದದ್ದು 1976ರಲ್ಲಿ, ಮಧ್ಯ ಆಫ್ರಿಕಾದಲ್ಲಿ. ಅಲ್ಲಿನ ನದಿಯೊಂದರ ಹೆಸರೇ ಅದಕ್ಕೆ ಬಂತು. ಪಶ್ಚಿಮಕ್ಕೆ ಅದು ಹೀಗೆ ದೊಡ್ಡದಾಗಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹಾಗಾಗಿ ಮಲೇರಿಯಾ, ಕಾಲರಾ ಎನ್ನುತ್ತಲೇ ಮೂರು ತಿಂಗಳು ಕಳೆದುಹೋಯಿತು. 2014ರ ಮಾರ್ಚ್ ಮೂರನೆಯ ವಾರದಲ್ಲಿ ರಕ್ತದ ಮಾದರಿ ಯುರೋಪಿನ ಪ್ರಯೋಗಾಲಯ ತಲುಪಿ ಹೆಸರು ಗೊತ್ತಾಗುವ ಹೊತ್ತಿಗೆ ರೋಗ ಲೈಬೀರಿಯಾದ ಗಡಿ ಮುಟ್ಟಿತ್ತು. ಮೇ ಕೊನೆಗೆ ಸಿಯೆರಾ ಲಿಯೋನ್. ಗಡಿರಹಿತ ವೈದ್ಯರ ಸಂಸ್ಥೆಯವರು ಜೂನ್ ತಿಂಗಳಲ್ಲೇ ಇದು ಕೈಮೀರಿದೆ ಎಂದು ಕೂಗಿ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿ ಸಾರಿದ್ದು ಆಗಸ್ಟ್ 8ಕ್ಕೆ. ಕೊನೆಗೆ ಲೆಕ್ಕ ಹಾಕಿದಾಗ 28,000ಕ್ಕೂ ಹೆಚ್ಚು ಜನರಿಗೆ ಸೋಂಕು, 11,000ಕ್ಕೂ ಹೆಚ್ಚು ಸಾವು. ಅದರಲ್ಲಿ 500ಕ್ಕೂ ಹೆಚ್ಚು ಮಂದಿ ವೈದ್ಯರು, ದಾದಿಯರು, ಆಸ್ಪತ್ರೆಯ ನೌಕರರು. ಮೊದಲೇ ವೈದ್ಯರ ಬರವಿದ್ದ ದೇಶಗಳು ಅವು.

ಈ ರೋಗದ ಸ್ವಭಾವ ಸ್ವಲ್ಪ ತಿಳಿಯಬೇಕು. ಎಬೋಲಾ ಗಾಳಿಯಲ್ಲಿ ಹರಡುವುದಿಲ್ಲ. ರಕ್ತ, ವಾಂತಿ, ಭೇದಿ, ಬೆವರು ಮೈಗೆ ತಾಗಿದರೆ ಬರುತ್ತದೆ. ಸೋಂಕು ತಾಗಿದ ಮೇಲೆ ಲಕ್ಷಣ ಕಾಣಲು 2ರಿಂದ 21 ದಿನ ಬೇಕು, ಲಕ್ಷಣ ಕಾಣುವವರೆಗೆ ಆ ವ್ಯಕ್ತಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ದೇಹದಲ್ಲಿ ವೈರಾಣು ಅತಿ ಹೆಚ್ಚಿರುವುದು ಸಾಯುವ ಹೊತ್ತಿಗೆ, ಸತ್ತ ಮೇಲೆ. ಅಂದರೆ ಅತ್ಯಂತ ಅಪಾಯದ ಗಳಿಗೆ ಯಾವುದೆಂದರೆ ಮಕ್ಕಳು, ಸೊಸೆಯಂದಿರು, ಅಕ್ಕತಂಗಿಯರು ಸೇರಿ ಹಿರಿಯರಿಗೆ ಕೊನೆಯ ಸ್ನಾನ ಮಾಡಿಸುವ ಗಳಿಗೆ. ಗಿನಿ ಮತ್ತು ಸಿಯೆರಾ ಲಿಯೋನ್‌ನಲ್ಲಿ ಮುಸ್ಲಿಮರು ಹೆಚ್ಚು, ಲೈಬೀರಿಯಾದಲ್ಲಿ ಕ್ರೈಸ್ತರು ಹೆಚ್ಚು. ಆದರೆ ಶವಕ್ಕೆ ಸ್ನಾನ ಮಾಡಿಸುವುದು, ತಬ್ಬಿ ಅಳುವುದು, ನೆಂಟರಿಷ್ಟರು ದೂರದೂರಿನಿಂದ ಮಣ್ಣಿಗೆ ಬರುವುದು ಎಲ್ಲರಲ್ಲೂ ಉಂಟು. ಹೊಸ ಸೋಂಕಿನಲ್ಲಿ ಕನಿಷ್ಠ ನೂರಕ್ಕೆ 20ರಷ್ಟು ಅಂತ್ಯಕ್ರಿಯೆಯಲ್ಲೇ ತಗುಲಿದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಪ್ರೀತಿಯೇ ರೋಗದ ದಾರಿಯಾಗಿತ್ತು.

ಸರ್ಕಾರಗಳು ಏನು ಮಾಡಿದವು? ಮೊದಲು ಹೆದರಿಸಿದವು. ಗೋಡೆ ಗೋಡೆಗೂ ಎಬೋಲಾಕ್ಕೆ ಮದ್ದಿಲ್ಲ, ಬಂದರೆ ಸಾವು ಎಂದು ಅಂಟಿಸಿದರು. ಮದ್ದೇ ಇಲ್ಲದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು? ಜನ ರೋಗಿಗಳನ್ನು ಮನೆಯಲ್ಲೇ ಬಚ್ಚಿಟ್ಟುಕೊಂಡರು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ದೊಡ್ಡ ಕೊಳೆಗೇರಿ ಇದೆ. ಹತ್ತಾರು ಸಾವಿರ ಜನ, ಮೂರು ಕಡೆ ನೀರು. ಆಗಸ್ಟ್ 20ರ ಬೆಳಗ್ಗೆ ಅಲ್ಲಿಯವರು ಎದ್ದು ನೋಡಿದರೆ ಮುಳ್ಳುತಂತಿ, ಬಂದೂಕು ಹಿಡಿದ ಸೈನಿಕರು. ಒಳಗಿದ್ದವರು ಹೊರಗೆ ಬರುವಂತಿಲ್ಲ. ಅಕ್ಕಿ, ನೀರಿನ ಬೆಲೆ ಒಂದೇ ದಿನದಲ್ಲಿ ಏರಿತು. ಗಲಾಟೆಯಾಯಿತು, ಗುಂಡು ಹಾರಿತು, ಹದಿಹರೆಯದ ಹುಡುಗನೊಬ್ಬ ಸತ್ತ. ಕಾಸು ಕೊಟ್ಟವರು ರಾತ್ರಿ ಹೊರಗೆ ಹೋಗುತ್ತಲೇ ಇದ್ದರು. ಹತ್ತು ದಿನಕ್ಕೆ ಸರ್ಕಾರವೇ ತಂತಿ ಕಿತ್ತಿತು. ಗಿನಿಯ ವೋಮೆ ಎಂಬ ಹಳ್ಳಿಯಲ್ಲಂತೂ ತಿಳಿವಳಿಕೆ ಹೇಳಲು ಹೋದ ತಂಡದ ಎಂಟು ಜನರನ್ನು ಸೆಪ್ಟೆಂಬರಿನಲ್ಲಿ ಜನ ಕೊಂದೇ ಹಾಕಿದರು. ರೋಗ ತಂದವರೇ ಇವರು ಎಂದು ನಂಬಿದ್ದರು. ಅದನ್ನು ಕ್ಷಮಿಸಲಾಗದು. ಆದರೆ ಆ ನಂಬಿಕೆ ಎಲ್ಲಿಂದ ಬಂತೆಂದೂ ಕೇಳಬೇಕು. ಬಿಳಿ ಬಟ್ಟೆ ಹೊದ್ದು, ಮುಖ ಕಾಣದಂತೆ ಬಂದವರು ಮನೆಯವರನ್ನು ಎತ್ತಿಕೊಂಡು ಹೋಗುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ, ಹೆಣವೂ ಸಿಗುತ್ತಿರಲಿಲ್ಲ.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಒಂದು ಕೆರೆಯ ಏರಿಯ ಹಿಂಬದಿ, ಬುಡದಲ್ಲಿ, ನೀರು ಜಿನುಗಿ ರಾಡಿ ಬರುತ್ತಿತ್ತು. ಮಳೆಗಾಲದ ರಾತ್ರಿ. ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಮುಚ್ಚಿಬಿಡಿ ಎಂದು ಕೂಲಿಯವರಿಗೆ ಹೇಳಿದೆ. ಅಲ್ಲಿದ್ದ ಮುದಿ ನೀರುಗಂಟಿ ಕೈ ಅಡ್ಡ ಹಿಡಿದ: "ಸಾಹೇಬ್ರ, ನೀರಿಗೆ ದಾರಿ ಕೊಡ್ರಿ, ಮಣ್ಣಿಗೆ ಕೊಡಬ್ಯಾಡ್ರಿ." ಕಾಲೇಜಿನಲ್ಲಿ ನಾನು ಓದಿ ಪರೀಕ್ಷೆ ಪಾಸಾಗಿ ಮರೆತದ್ದನ್ನೇ ಅವನು ಹೇಳಿದ್ದ. ಜಿನುಗುವ ಬಾಯಿಯನ್ನು ಮುಚ್ಚಿದರೆ ಒಳಗೆ ಒತ್ತಡ ಏರಿ ಇನ್ನೊಂದು ಕಡೆ ಒಡೆಯುತ್ತದೆ. ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಸಬೇಕು. ನೀರು ಸೋಸಿ ಹೊರಗೆ ಬರುತ್ತದೆ, ಏರಿಯ ಮಣ್ಣು ಒಳಗೇ ಉಳಿಯುತ್ತದೆ. ಬೆಳಗಾಗುವಷ್ಟರಲ್ಲಿ ತಿಳಿನೀರು ಬರುತ್ತಿತ್ತು. ವೆಸ್ಟ್ ಪಾಯಿಂಟ್‌ನಲ್ಲಿ ಹಾಕಿದ್ದು ಜೇಡಿಮಣ್ಣು.

ಅದೇ ಆಗಸ್ಟ್ ತಿಂಗಳಲ್ಲಿ ಮನ್ರೋವಿಯಾದಲ್ಲಿ ಇನ್ನೊಂದು ತೀರ್ಮಾನವಾಯಿತು. ನಗರದ ಹೊರಗೆ ಹೆಣ ಹೂಳಲು ಆರಿಸಿದ ಜಾಗ ತಗ್ಗು, ಜವಳು. ಮಳೆಗಾಲ ಬೇರೆ, ತೋಡಿದ ಗುಂಡಿಯಲ್ಲೇ ನೀರು. ಸುತ್ತಲಿನ ಜನ ತಿರುಗಿಬಿದ್ದರು. (ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ಒಬ್ಬ ಓವರ್‌ಸಿಯರ್‌ನನ್ನು ಕಳಿಸಿ ನೋಡಿಸಿದ್ದರೆ ಸಾಕಿತ್ತು.) ಸರ್ಕಾರ ಬೇಸತ್ತು ರಾಜಧಾನಿಯಲ್ಲಿ ಸತ್ತವರನ್ನೆಲ್ಲ ಸುಡಬೇಕೆಂದು ಆಜ್ಞೆ ಮಾಡಿತು. ಸುಡುವ ಪದ್ಧತಿಯೇ ಇಲ್ಲದ ದೇಶದಲ್ಲಿ ಚಿತಾಗಾರ ಎಲ್ಲಿಂದ ಬರಬೇಕು? ಅಲ್ಲಿ ವ್ಯಾಪಾರಕ್ಕೆ ನೆಲೆಸಿದ ನಮ್ಮ ಭಾರತೀಯರು ತಮ್ಮವರಿಗಾಗಿ ಕಟ್ಟಿಕೊಂಡಿದ್ದ ಒಂದು ಚಿತಾಗಾರ ಊರಾಚೆ ಇತ್ತು. ಅದನ್ನೇ ಬಳಸಿದರು. ತಿಂಗಳುಗಟ್ಟಲೆ ರಾತ್ರಿ ಹಗಲು ಅಲ್ಲಿ ಬೆಂಕಿ ಉರಿಯಿತು. ಸುಡುವ ಕೆಲಸಕ್ಕೆ ಸೇರಿದ ಸ್ಥಳೀಯ ಯುವಕರನ್ನು ಅವರ ಮನೆಯವರೇ ಹತ್ತಿರ ಸೇರಿಸಲಿಲ್ಲ.

ಸೋಂಕಿನ ಲೆಕ್ಕದಲ್ಲಿ ನೋಡಿದರೆ ಸುಡುವುದು ಪಕ್ಕಾ ಕೆಲಸ. ವೈರಾಣು ಉಳಿಯುವ ಮಾತೇ ಇಲ್ಲ. ಆದರೆ ಲೈಬೀರಿಯಾದಲ್ಲಿ ಮಾರ್ಚ್ ತಿಂಗಳ ಎರಡನೆಯ ಬುಧವಾರ ಸರ್ಕಾರಿ ರಜೆ. ಅಂದು ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಯ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಬರುತ್ತದೆ. ಅಂಥವರಿಗೆ ಸಮಾಧಿಯೇ ಇಲ್ಲದಂತೆ ಮಾಡಿದರೆ? ಅವರು ಹೆಣ ಬಚ್ಚಿಟ್ಟರು. ರಾತ್ರೋರಾತ್ರಿ ಗುಟ್ಟಾಗಿ ತೊಳೆದು ಹೂತರು. ಬೇರೆ ಕಾಯಿಲೆಯಿಂದ ಸತ್ತ ಎಂದು ಕಾಗದ ಮಾಡಿಸಿಕೊಂಡರು. ರೋಗಿಯನ್ನು ಆಸ್ಪತ್ರೆಗೆ ಕಳಿಸಿದರೆ ಬೂದಿಯೂ ಸಿಗದು ಎಂದು ಆಸ್ಪತ್ರೆಗೇ ಕಳಿಸಲಿಲ್ಲ. ಕಾಗದದ ಮೇಲೆ ಪಕ್ಕಾ ಇದ್ದ ಉಪಾಯವೇ ನೆಲದ ಮೇಲೆ ಸೋಂಕನ್ನು ಕತ್ತಲೆಗೆ ಅಟ್ಟಿತು.

ತಿರುವು ಸಿಕ್ಕಿದ್ದು ಔಷಧಿಯಿಂದಲ್ಲ. ಲಸಿಕೆಯ ಪ್ರಯೋಗ ಗಿನಿಯಲ್ಲಿ ನಡೆದದ್ದು 2015ರಲ್ಲಿ, ಅಲೆ ಇಳಿದ ಮೇಲೆ. ಅದಕ್ಕೂ ಮೊದಲು, 2014ರ ನವೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕ್ರೈಸ್ತ ಮತ್ತು ಮುಸ್ಲಿಂ ಧರ್ಮಗುರುಗಳ ಜೊತೆ ಕೂತು ಅಂತ್ಯಕ್ರಿಯೆಯ ಹೊಸ ಕ್ರಮವೊಂದನ್ನು ಬರೆಯಿತು. ಸುರಕ್ಷಿತವೂ ಆಗಬೇಕು, ಗೌರವವೂ ಉಳಿಯಬೇಕು ಎಂಬುದೇ ಅದರ ಹೆಸರು, ಅದೇ ಅದರ ತಿರುಳು. ಓದಿದಾಗ ನನಗೆ ನೀರುಗಂಟಿಯ ಮರಳು, ಜಲ್ಲಿ ನೆನಪಾಯಿತು. ಶವ ಒಯ್ಯುವ ತಂಡ ಬರುವಾಗಲೇ ಮುಖಗವಸು, ರಕ್ಷಾ ಉಡುಪು ತೊಟ್ಟು ಬರಕೂಡದು. ಸಾದಾ ಬಟ್ಟೆಯಲ್ಲಿ ಬಂದು, ಮನೆಯವರಿಗೆ ನಮಸ್ಕಾರ ಹೇಳಿ, ಸಂತಾಪ ಹೇಳಿ, ಏನು ಮಾಡುತ್ತೇವೆಂದು ತಿಳಿಸಿ, ಒಪ್ಪಿಗೆ ಪಡೆದು, ಆಮೇಲೆ ಉಡುಪು ತೊಡಬೇಕು. ಶವವನ್ನು ತೊಳೆಯುವಂತಿಲ್ಲ, ಮುಸ್ಲಿಮರಲ್ಲಿ ನೀರು ಸಿಗದಾಗ ಮಾಡುವ ನೀರಿಲ್ಲದ ಶುದ್ಧಿಯ ಪದ್ಧತಿ ಮೊದಲೇ ಉಂಟು, ಅದು ಸಾಕು. ಬಿಳಿ ವಸ್ತ್ರ ಹೊದಿಸಬಹುದು. ಪೆಟ್ಟಿಗೆಯಲ್ಲಿ ಏನಿಡಬೇಕೆಂದು ಮನೆಯವರು ಹೇಳಬಹುದು. ಗುಂಡಿ ತೋಡುವುದು, ದೂರದಲ್ಲಿ ನಿಂತು ಪ್ರಾರ್ಥನೆ ಮಾಡುವುದು ಅವರದೇ. ಧರ್ಮಗುರುಗಳು ಮಸೀದಿ, ಚರ್ಚುಗಳಲ್ಲಿ ನಿಂತು ಇಷ್ಟು ಮಾಡಿದರೆ ಧರ್ಮಕ್ಕೆ ಚ್ಯುತಿಯಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ಆರೋಗ್ಯ ಇಲಾಖೆ ನೂರು ಸಲ ಹೇಳಿದರೂ ಆಗದ ಕೆಲಸ ಅದರಿಂದ ಆಯಿತು. ಲೈಬೀರಿಯಾ ಸರ್ಕಾರವೂ ಡಿಸೆಂಬರ್ ಕೊನೆಗೆ ಸುಡುವ ಆಜ್ಞೆ ಕೈಬಿಟ್ಟು, ರಾಜಧಾನಿಯ ಹೊರಗೆ ಡಿಸ್ಕೋ ಹಿಲ್ ಎಂಬಲ್ಲಿ ಸ್ಮಶಾನಕ್ಕೆ ಜಾಗ ಕೊಟ್ಟಿತು. ಡ್ರಮ್ಮುಗಳಲ್ಲಿ ಉಳಿದಿದ್ದ ಬೂದಿಯನ್ನೂ ಆಮೇಲೆ ಅಲ್ಲಿಗೇ ತಂದರು.

ಇನ್ನು ನೈಜೀರಿಯಾದ ಮಾತು. 2014ರ ಜುಲೈ 20ರಂದು ಲೈಬೀರಿಯಾದಿಂದ ಬಂದ ಒಬ್ಬ ಪ್ರಯಾಣಿಕ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದ. ಕೋಟಿಗೂ ಮೀರಿ ಜನ ತುಂಬಿದ ನಗರ. ಸರ್ಕಾರಿ ವೈದ್ಯರು ಮುಷ್ಕರದಲ್ಲಿದ್ದರು, ಹಾಗಾಗಿ ಆತನನ್ನು ಖಾಸಗಿ ಆಸ್ಪತ್ರೆಗೆ ಒಯ್ದರು. ಆತ ಮಲೇರಿಯಾ ಎಂದ. ಡಾಕ್ಟರ್ ಅಮೆಯೊ ಸ್ಟೆಲ್ಲಾ ಅಡಡೆವೊ ಎಂಬ ಹಿರಿಯ ವೈದ್ಯೆಗೆ ಅನುಮಾನ ಬಂತು. ಬಿಟ್ಟು ಕಳಿಸಿ ಎಂದು ದೊಡ್ಡವರಿಂದ ಒತ್ತಡ ಬಂದರೂ ಆಕೆ ಬಿಡಲಿಲ್ಲ. ಆತ ಅಲ್ಲೇ ತೀರಿಕೊಂಡ. ಆಕೆಗೂ ಸೋಂಕು ತಗುಲಿ ಆಗಸ್ಟ್ 19ರಂದು ತೀರಿಕೊಂಡರು. ಕಾಯಕವೆಂದರೆ ಏನೆಂದು ಕೇಳುವವರಿಗೆ ನಾನು ಈ ತಾಯಿಯ ಹೆಸರು ಹೇಳುತ್ತೇನೆ.

ಆಮೇಲೆ ನೈಜೀರಿಯಾ ಮಾಡಿದ್ದು ಬೇಸರ ಹಿಡಿಸುವಂಥ ಗುಮಾಸ್ತಿಕೆ ಕೆಲಸ. ಪೋಲಿಯೋ ನಿರ್ಮೂಲನೆಗೆಂದು ಕಟ್ಟಿದ್ದ ತುರ್ತು ಕೇಂದ್ರವನ್ನೂ ಅದರ ಜನರನ್ನೂ ಎಬೋಲಾಕ್ಕೆ ತಿರುಗಿಸಿದರು. ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಮಂದಿಯ ಪಟ್ಟಿ ಮಾಡಿದರು. 21 ದಿನ, ಮನೆ ಮನೆಗೆ ಹೋಗಿ ಜ್ವರ ನೋಡಿದರು. ಒಟ್ಟು ಸುಮಾರು 18,500 ಭೇಟಿ. ಒಬ್ಬ ತಪ್ಪಿಸಿಕೊಂಡು ಪೋರ್ಟ್ ಹಾರ್ಕೋರ್ಟ್ ನಗರಕ್ಕೆ ಹೋದ, ಅಲ್ಲೂ ಒಬ್ಬ ವೈದ್ಯ ಸತ್ತ, ಅಲ್ಲೂ ಪಟ್ಟಿ ಮಾಡಿ ಬೆನ್ನು ಹತ್ತಿದರು. ಕೊನೆಗೆ 20 ಜನರಿಗೆ ಸೋಂಕು, 8 ಸಾವು, ಅಷ್ಟಕ್ಕೇ ನಿಂತಿತು. ಅಕ್ಟೋಬರ್ 20ಕ್ಕೆ ದೇಶ ಎಬೋಲಾ ಮುಕ್ತ. ಮುಳ್ಳುತಂತಿಯಿಲ್ಲ, ಗುಂಡಿಲ್ಲ.

ಇಷ್ಟು ಓದಿ, ಅದು ಆಫ್ರಿಕಾ, ನಮಗೇನು ಎನ್ನುವವರು ಇರಬಹುದು. 2020ರ ಮಾರ್ಚ್ 30ರಂದು ಮುಂಬೈ ಮಹಾನಗರಪಾಲಿಕೆ ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಬೇಕೆಂದು ಆದೇಶ ಹೊರಡಿಸಿತ್ತು. ಕೆಲವೇ ಗಂಟೆಗಳಲ್ಲಿ ಹಿಂತೆಗೆದುಕೊಂಡಿತು, ನಮ್ಮ ಪುಣ್ಯ. ಶ್ರೀಲಂಕಾ ಹಿಂತೆಗೆದುಕೊಳ್ಳಲಿಲ್ಲ. ಹೂಳಿದರೆ ಅಂತರ್ಜಲ ಕೆಡುತ್ತದೆಂದು ಹೇಳಿ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಆಗಬಹುದು ಎಂದಿದ್ದರೂ, 2021ರ ಫೆಬ್ರವರಿ ತನಕ ಮುಸ್ಲಿಮರ ಹೆಣಗಳನ್ನೂ ಬಲವಂತವಾಗಿ ಸುಟ್ಟಿತು. ಹಸುಗೂಸನ್ನೂ ಬಿಡಲಿಲ್ಲ. ಅದಕ್ಕೆ ಅಲ್ಲಿನ ಸಚಿವ ಸಂಪುಟ ಕ್ಷಮೆ ಕೇಳಿದ್ದು 2024ರ ಜುಲೈನಲ್ಲಿ. ಸುಡುವ ಆಜ್ಞೆ ಬಂದರೆ ಅದು ಲಿಂಗಾಯತರನ್ನು ಮಾತ್ರ ಬಿಟ್ಟು ಬರುವುದಿಲ್ಲ. ಬಲವಂತ ಇನ್ನೊಬ್ಬರ ಮೇಲೆ ಆದಾಗ ಸುಮ್ಮನಿದ್ದವರು ಇದನ್ನು ನೆನಪಿಡಬೇಕು.

ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚಿನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹೂಳಬಹುದು, ಸುಡಬಹುದು. ಚೀಲದ ಮೇಲ್ತುದಿ ತೆರೆದು ಸಿಬ್ಬಂದಿ ಮುಖದರ್ಶನ ಮಾಡಿಸಬಹುದು. ಮುಟ್ಟದೆ ಮಾಡುವ ಗ್ರಂಥಪಠಣ, ತೀರ್ಥ ಚಿಮುಕಿಸುವುದು ಇತ್ಯಾದಿ ಕ್ರಿಯೆಗಳಿಗೆ ಅಡ್ಡಿಯಿಲ್ಲ. ಸ್ನಾನ, ಅಪ್ಪುಗೆ, ಮುತ್ತು ಮಾತ್ರ ಕೂಡದು. ಒಳ್ಳೆಯ ಮಾರ್ಗಸೂಚಿ. ಆದರೆ ಅದೇ ವರ್ಷ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹೆಣಗಳನ್ನು ಒಂದೇ ಗುಂಡಿಗೆ ಎಳೆದು ಎಸೆದ ದೃಶ್ಯವನ್ನು ಇಡೀ ನಾಡು ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಕೋವಿಡ್ ಮುಖ್ಯವಾಗಿ ಬದುಕಿರುವವರ ಉಸಿರಿನಿಂದ ಹರಡುವ ರೋಗ. ಎಬೋಲಾದ ಹೆಣಕ್ಕೆ ಹೋಲಿಸಿದರೆ ಕೋವಿಡ್ ಹೆಣದ ಅಪಾಯ ಬಹಳ ಕಡಿಮೆ. ನಾವು ಮಾಡಿದ್ದು ತಿರುಗಾಮುರುಗಾ: ಮದುವೆಯಲ್ಲಿ ಒತ್ತೊತ್ತಾಗಿ ಕೂತು ಉಂಡೆವು, ಹೆಣ ಕಂಡರೆ ಓಡಿದೆವು.

2021ರ ಮೇ ತಿಂಗಳಲ್ಲಿ ನನ್ನ ಭಾವ ತೀರಿಕೊಂಡರು. ಮೂರು ಹೊತ್ತು ಲಿಂಗಪೂಜೆ ತಪ್ಪಿಸಿದವರಲ್ಲ. ಆಸ್ಪತ್ರೆಯಲ್ಲಿ ನಮಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಅದರಲ್ಲಿ ಕನ್ನಡಕ, ಮೊಬೈಲ್, ಚಾರ್ಜರ್, ಜೊತೆಗೆ ಅವರ ಇಷ್ಟಲಿಂಗ. ಅಷ್ಟರಲ್ಲಿ ದೇಹ ಚೀಲದಲ್ಲಿತ್ತು. ಮುಖ ನೋಡಲು ಕೇಳಬಹುದೆಂದು ನಮಗೆ ಗೊತ್ತಿರಲಿಲ್ಲ, ಕೊಡಬಹುದೆಂದು ಅಲ್ಲಿನವರಿಗೂ ಗೊತ್ತಿರಲಿಲ್ಲ. ಮಾರ್ಗಸೂಚಿ ಬಂದು ವರ್ಷ ಕಳೆದಿತ್ತು. ನಾನು ಸರ್ಕಾರಿ ಸುತ್ತೋಲೆ ಓದಿಯೇ ಮುದುಕನಾದವನು, ಅದೊಂದನ್ನು ಓದಿರಲಿಲ್ಲ. ಮಠಕ್ಕೆ ಫೋನ್ ಮಾಡಿ ಲಿಂಗವನ್ನು ಏನು ಮಾಡಲಿ ಎಂದು ಅಕ್ಕ ಕೇಳಿದಾಗ ಆ ಕಡೆಯಿಂದಲೂ ಸ್ಪಷ್ಟ ಉತ್ತರ ಬರಲಿಲ್ಲ. ಯಾರಿಗೂ ಸಿದ್ಧತೆ ಇರಲಿಲ್ಲ. ಗುಂಡಿಗೆ ಇಳಿಸಿದ್ದು ಪೌರಕಾರ್ಮಿಕರು. ಎಷ್ಟೋ ಊರುಗಳಲ್ಲಿ ನಮ್ಮವರನ್ನು ಮಣ್ಣು ಮಾಡಿದ್ದು ಮುಸ್ಲಿಂ ಯುವಕರ ತಂಡಗಳು. ಆ ಕೈಗಳಿಗೆ ನಾವು ಋಣಿಗಳು. ಅಕ್ಕ ಆ ಲಿಂಗವನ್ನು ಇವತ್ತಿಗೂ ಜಗಲಿಯ ಮೇಲೆ ಇಟ್ಟುಕೊಂಡಿದ್ದಾಳೆ.

ಇದಕ್ಕೆ ಸರ್ಕಾರವನ್ನಷ್ಟೇ ದೂರಿ ಪ್ರಯೋಜನವಿಲ್ಲ. ಗಿನಿಯ ಇಮಾಮರು, ಲೈಬೀರಿಯಾದ ಪಾದ್ರಿಗಳು ಸೋಂಕಿನ ನಡುವೆಯೇ ಕೂತು ತಮ್ಮ ಕ್ರಿಯೆಯಲ್ಲಿ ಯಾವುದು ಬಿಡಬಹುದು, ಯಾವುದು ಬಿಡಲಾಗದು ಎಂದು ತೀರ್ಮಾನಿಸಿದರು. ನಮ್ಮ ಮಠಾಧೀಶರು ಸೋಂಕಿಲ್ಲದ ಈ ಹೊತ್ತಿನಲ್ಲಿ ಅದನ್ನು ಮಾಡಬಹುದು. ಪದ್ಮಾಸನದಲ್ಲಿ ಕೂರಿಸದೆ ಮಲಗಿಸಿ ಮಣ್ಣು ಮಾಡಿದರೆ ಕ್ರಿಯಾಸಮಾಧಿ ಆಗುತ್ತದೆಯೇ? ಆಗುತ್ತದೆ ಎಂದು ನನ್ನ ಅಭಿಪ್ರಾಯ. ಆದರೆ ನಿವೃತ್ತ ಇಂಜಿನಿಯರ್ ಹೇಳಿದರೆ ದುಃಖದಲ್ಲಿರುವ ತಾಯಿಗೆ ಸಮಾಧಾನವಾಗದು, ಸ್ವಾಮಿಗಳು ಹೇಳಬೇಕು. ಚೀಲ ಮುಚ್ಚುವ ಮೊದಲು ಕೈಗವಸು ತೊಟ್ಟ ಸಿಬ್ಬಂದಿ ಇಷ್ಟಲಿಂಗವನ್ನು ಅಂಗೈಯಲ್ಲಿ ಇಡಬಹುದೇ? ಇಡುವ ಕೈ ಯಾವ ಜಾತಿಯದು ಎಂದು ಕೇಳುವವರಿದ್ದರೆ ಅವರಿಗೆ ಏನು ಉತ್ತರ? ಸ್ನಾನದ ಬದಲು ದೂರದಿಂದ ವಿಭೂತಿ ಚಿಮುಕಿಸಿದರೆ ಸಾಕೇ? ವಚನ ಹೇಳುವವರು ಎಷ್ಟು ಜನ, ಎಷ್ಟು ದೂರ? ಯಾವ ರೋಗಕ್ಕೆ ಯಾವ ಕಟ್ಟುನಿಟ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಎಬೋಲಾಕ್ಕೂ ಕೋವಿಡ್‌ಗೂ ಒಂದೇ ಸೂತ್ರ ನಡೆಯದು, ನಾಳೆ ಬರುವುದು ಇನ್ನೊಂದಿರಬಹುದು. ಹಾಗಾಗಿ ಆ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯೂ ಇರಬೇಕು, ಪೌರಕಾರ್ಮಿಕರ ಕಡೆಯಿಂದಲೂ ಒಬ್ಬರು ಇರಬೇಕು.

ಪ್ರಸಾದದ ಪಂಕ್ತಿಯಲ್ಲಿ ಕೇಳಿದ ಆ ಯುವಕನಿಗೆ ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಲು ಹೇಳಿದ್ದೇನೆ, ಬರೆಯುತ್ತಿದ್ದಾನೆ. ಕೋವಿಡ್ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡ ಓದುಗರು ತಮಗೆ ಆಗ ಯಾವ ಮಾತಿಗೆ ಉತ್ತರ ಸಿಗಲಿಲ್ಲ ಎಂಬುದನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ. ಅವನ್ನೂ ಸೇರಿಸಿ, ಶ್ರಾವಣದ ಪ್ರವಚನ ಶುರುವಾಗುವ ಮೊದಲು ಆ ಹಾಳೆಯನ್ನು ಮಠ ಮಠಕ್ಕೂ ಮುಟ್ಟಿಸುತ್ತೇವೆ.